ತಲೆಗೆ ಕೊಡುವ ಇಂಜೆಕ್ಷನ್ ಹುಬ್ಬು, ರೆಪ್ಪೆಗೂ ಆಗುತ್ತದೆಯೇ?

ಪ್ರಶ್ನೆ: ಅಲೋಪೇಶಿಯಾ ಅರಿಯೇಟಾದಿಂದ ತಲೆಯಲ್ಲಿ ಬಿಲ್ಲೆಬಿಲ್ಲೆಯಾಗಿ ಉದುರಿದ್ದ ಕೂದಲು ಸ್ಟೀರಾಯ್ಡ್ ಇಂಜೆಕ್ಷನ್‌ನಿಂದ ಮತ್ತೆ ಬಂತು. ಈಗ ಹುಬ್ಬು, ರೆಪ್ಪೆಗೂದಲು ಹೋಗುತ್ತಿವೆ. ಅದೇ ಇಂಜೆಕ್ಷನ್ ಇಲ್ಲಿಗೂ ಕೊಡಿಸಬಹುದೇ?

ಉತ್ತರ: ಹುಬ್ಬಿಗೆ ಕೊಡಿಸಬಹುದು, ಔಷಧಿ ತೆಳುವಾಗಿರಬೇಕು. ರೆಪ್ಪೆಗೆ ಖಂಡಿತ ಬೇಡ.

ತಲೆಗೆ ಟ್ರಯಾಮ್ಸಿನೊಲೋನ್ (ಈ ಇಂಜೆಕ್ಷನ್‌ನಲ್ಲಿರುವ ಸ್ಟೀರಾಯ್ಡ್) ಸಾಮಾನ್ಯವಾಗಿ ಮಿ.ಲೀ.ಗೆ 5ರಿಂದ 10 ಮಿ.ಗ್ರಾಂ, ಹುಬ್ಬಿಗೆ 2.5 ಸಾಕು. ಅಂದರೆ ಮಿ.ಲೀ.ಗೆ 10 ಮಿ.ಗ್ರಾಂ ಇರುವ ವಯಲ್‌ನ ಒಂದು ಪಾಲಿಗೆ ಮೂರು ಪಾಲು ಸಲೈನ್. 40 ಮಿ.ಗ್ರಾಂ ವಯಲ್ ಆದರೆ ಹದಿನೈದು ಪಾಲು. 40ರ ವಯಲನ್ನು 10ರದ್ದೆಂದುಕೊಂಡು ಮೂರೇ ಪಾಲು ಬೆರೆಸಿದರೆ ಔಷಧಿ ನಾಲ್ಕು ಪಟ್ಟು ಗಟ್ಟಿಯಾಗುತ್ತದೆ. ಒಂದೊಂದು ಹುಬ್ಬಿಗೆ ಐದಾರು ಕಡೆ ಚುಚ್ಚಿ, ಒಟ್ಟು ಅರ್ಧ ಮಿ.ಲೀ. ಮೀರದಂತೆ, 4ರಿಂದ 6 ವಾರಕ್ಕೊಮ್ಮೆ ಕೊಡುತ್ತಾರೆ. ಗಟ್ಟಿಯಾದರೆ, ಅಥವಾ ಚುಚ್ಚಿದಲ್ಲೇ ಮತ್ತೆ ಮತ್ತೆ ಚುಚ್ಚಿದರೆ ಚರ್ಮ ಗುಳಿ ಬೀಳುತ್ತದೆ. ತುಂಬಲು ತಿಂಗಳುಗಳೇ ಬೇಕು. ಹುಬ್ಬಿನ ಸುತ್ತಲ ರಕ್ತನಾಳಗಳಿಗೆ ಕಣ್ಣಿನ ನಾಳಗಳ ಜೊತೆ ಸಂಪರ್ಕವಿದೆ. ಔಷಧಿಯ ಕಣ ಅಲ್ಲಿ ಹೊಕ್ಕರೆ, ತೀರ ಅಪರೂಪವಾದರೂ, ದೃಷ್ಟಿಯೇ ಹೋಗಬಹುದು. ಆದ್ದರಿಂದ ಕೈ ಪಳಗಿದ ಚರ್ಮವೈದ್ಯರಿಂದಲೇ ಮಾಡಿಸಿಕೊಳ್ಳಿ. ಆರು ತಿಂಗಳಾದರೂ ಫಲ ಕಾಣದಿದ್ದರೆ ಮುಂದುವರಿಸಬೇಡಿ.

ತಲೆಗೆಂದು ಬರೆದುಕೊಟ್ಟ ಕ್ಲೊಬೆಟಾಸೋಲ್ ಎಂಬ ಪ್ರಬಲ ಸ್ಟೀರಾಯ್ಡ್ ಮುಲಾಮು ಉಳಿದಿದೆಯೆಂದು ರೆಪ್ಪೆಗೆ ಹಚ್ಚುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ರೆಪ್ಪೆಯ ಚರ್ಮ ತೀರ ತೆಳು. ದಿನವೂ ಹಚ್ಚುತ್ತಾ ಹೋದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು. ಈರುಳ್ಳಿ ರಸವೂ ಕಣ್ಣಿನ ಹತ್ತಿರ ಬೇಡ.

ರೆಪ್ಪೆಗೂದಲಿಗೆ ಕಣ್ಣಿನ ವೈದ್ಯರನ್ನು ಕೇಳಿ 0.03% ಬಿಮ್ಯಾಟೊಪ್ರೋಸ್ಟ್ ಎಂಬ, ರೆಪ್ಪೆಗೂದಲು ಬೆಳೆಸುವ ಹನಿ ಔಷಧಿ ಬಳಸಿ ನೋಡಬಹುದು. ರಾತ್ರಿ ಮುಖ ತೊಳೆದು, ಮೇಲಿನ ರೆಪ್ಪೆಯ ಕೂದಲಿನ ಬುಡಕ್ಕೆ ಮಾತ್ರ ಒಂದು ಹನಿ ಸವರಬೇಕು. ಕಣ್ಣಿಗೊಂದು ಹೊಸ ಬ್ರಷ್. ನಾಲ್ಕು ತಿಂಗಳು ಬಿಡದೆ ಹಚ್ಚಬೇಕು. ರೆಪ್ಪೆ ಕಪ್ಪಾಗುವುದು, ಕಣ್ಣು ಕೆಂಪಾಗುವುದು ಉಂಟು. ಕೂದಲು ಪೂರ್ತಿ ಹೋದವರಲ್ಲಿ ಇದರ ಮೇಲೆ ಹೆಚ್ಚು ಭರವಸೆ ಇಡಲಾಗದು.

ತಲೆಯ ಕೂದಲೂ ಬಹುಪಾಲು ಹೋಗಿದ್ದರೆ ಮಾತ್ರೆಯ ಮಾತು. 2022ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆ ಒಪ್ಪಿಗೆ ಪಡೆದ ಬ್ಯಾರಿಸಿಟಿನಿಬ್ ಅನ್ನು ದಿನಕ್ಕೆ 4 ಮಿ.ಗ್ರಾಂ ತೆಗೆದುಕೊಂಡವರಲ್ಲಿ, ಹುಬ್ಬು ಮತ್ತು ರೆಪ್ಪೆ ತುಂಬಾ ಉದುರಿದ್ದ ಸುಮಾರು ಮೂರರಲ್ಲೊಬ್ಬರಿಗೆ 36 ವಾರದಲ್ಲಿ ಅವು ಚೆನ್ನಾಗಿ ಬೆಳೆದವು. ಶುರುಮಾಡುವ ಮೊದಲು ಕ್ಷಯ, ಹೆಪಟೈಟಿಸ್, ರಕ್ತಕಣ, ಲಿವರ್, ಕೊಬ್ಬಿನ ಪರೀಕ್ಷೆ ಆಗಲೇಬೇಕು. ನಿಲ್ಲಿಸಿದರೆ ಕೂದಲು ಮತ್ತೆ ಉದುರುವುದೇ ಹೆಚ್ಚು.

ಹುಬ್ಬು ಉದುರಿದ್ದೆಲ್ಲ ಅಲೋಪೇಶಿಯಾ ಅರಿಯೇಟಾ ಅಲ್ಲ. ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ ಕುಷ್ಠರೋಗವಲ್ಲವೆಂದು ಖಚಿತಪಡಿಸಿಕೊಳ್ಳಿ.

ರೆಪ್ಪೆಗೂದಲು ಬರುವವರೆಗೆ ಬೈಕಿನಲ್ಲಿ ಹೆಲ್ಮೆಟ್ಟಿನ ಗಾಜು ಇಳಿಸಿಯೇ ಓಡಿಸಿ, ಧೂಳಿನಲ್ಲಿ ಕನ್ನಡಕ ಹಾಕಿ.