ನಾಲ್ಕನೇ ಅಣುವಿನ ಕೆಲಸ

ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ರಬ್ಬರ್ ಬೆಳೆಗಾರರಿಗೆ ಫಾರ್ಮಿಕ್ ಆಸಿಡ್ ಹೊಸದಲ್ಲ. ಟ್ರೇಗೆ ಸುರಿದ ರಬ್ಬರ್ ಹಾಲು ಗಟ್ಟಿಯಾಗಲಿ ಅಂತ ನೀರು ಬೆರೆಸಿದ ಇದೇ ಆಸಿಡ್ ಹಾಕುತ್ತಾರೆ. ಚಗಳಿ ಇರುವೆ ಕಚ್ಚಿದ ಜಾಗ ಉರಿಯುವುದೂ ಇದರಿಂದಲೇ. ಆದರೆ ಔಷಧ ತಯಾರಿಸುವವರಿಗೆ ಇದರ ಉಪಯೋಗ ಬೇರೆಯೇ ಇದೆ.

ಎಷ್ಟೋ ಔಷಧ, ಬಣ್ಣಗಳ ತಯಾರಿ ಶುರುವಾಗುವುದು ನೈಟ್ರೋ ಸಂಯುಕ್ತಗಳಿಂದ. ಅವುಗಳಲ್ಲಿ ಸಾರಜನಕಕ್ಕೆ ಎರಡು ಆಮ್ಲಜನಕ ಅಂಟಿಕೊಂಡಿರುತ್ತವೆ. ಆ ಆಮ್ಲಜನಕ ಕಿತ್ತು ಹೈಡ್ರೋಜನ್ ಕೂರಿಸಿದರೆ ಅಮೈನ್ ಸಿಗುತ್ತದೆ. 1854ರಲ್ಲಿ ಫ್ರಾನ್ಸಿನ ಬೆಷಾಂಪ್ ಇದನ್ನು ಕಬ್ಬಿಣದ ಪುಡಿ ಮತ್ತು ಆಸಿಡ್‌ನಿಂದ ಮಾಡಿದರು. ಕೆಲಸ ಆಗುತ್ತಿತ್ತು, ಆದರೆ ತುಕ್ಕಿನ ಕೆಸರು ರಾಶಿ ರಾಶಿ ಉಳಿಯುತ್ತಿತ್ತು. ಹೈಡ್ರೋಜನ್ ಅನಿಲವನ್ನೇ ಬಳಸಬಹುದು. ಅದಕ್ಕೆ ಒತ್ತಡ ತಡೆಯುವ ಪಾತ್ರೆ ಬೇಕು, ಬೆಂಕಿಯ ಭಯ ಬೇರೆ.

ಫಾರ್ಮಿಕ್ ಆಸಿಡ್ ದ್ರವ. ಅಳೆದು ಸುರಿಯಬಹುದು. ಪಲ್ಲಾಡಿಯಂನಂಥ ಲೋಹ ತಾಗಿದರೆ ಅದು ತನ್ನ ಹೈಡ್ರೋಜನ್ ಬಿಟ್ಟುಕೊಟ್ಟು, ಕಾರ್ಬನ್ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲೂ 2000ದ ಆಸುಪಾಸಿನಲ್ಲಿ ಈ ದಾರಿಯಲ್ಲಿ ಒಳ್ಳೆಯ ಕೆಲಸ ನಡೆದಿದೆ. ಫಾರ್ಮಿಕ್ ಆಸಿಡ್ ಅಥವಾ ಅದರ ಲವಣವಾದ ಅಮೋನಿಯಂ ಫಾರ್ಮೇಟ್, ಜೊತೆಗೆ ಅಗ್ಗದ ಸತುವಿನ ಪುಡಿ, ಇಷ್ಟರಲ್ಲೇ ನೈಟ್ರೋ ಗುಂಪನ್ನು ಅಮೈನ್ ಮಾಡಿ ತೋರಿಸಿದರು. ದುಬಾರಿ ಉಪಕರಣ ಇಲ್ಲದ ಲ್ಯಾಬ್‌ಗಳಿಗೆ ಇದು ಎಷ್ಟು ದೊಡ್ಡ ಅನುಕೂಲ ಅಲ್ವಾ?

ನನಗೆ ತುಂಬಾ ಇಷ್ಟವಾಗುವುದು ಮುಂದಿನ ಹಂತ. ಲೆಕ್ಕ ನೋಡಿ: ಒಂದು ನೈಟ್ರೋ ಗುಂಪು ಅಮೈನ್ ಆಗಲು ಮೂರು ಅಣು ಫಾರ್ಮಿಕ್ ಆಸಿಡ್ ಸಾಕು. ನಾಲ್ಕನೆಯದು ಏನು ಮಾಡುತ್ತದೆ? ನೀರು ಬಿಟ್ಟುಕೊಟ್ಟು, ತನ್ನ ಕಾರ್ಬನ್ ಸಮೇತ ಆ ಅಮೈನ್‌ಗೇ ಸೇರಿಕೊಳ್ಳುತ್ತದೆ. ಇದೇ ಫಾರ್ಮೈಲೇಶನ್. ಸಿಗುವ ವಸ್ತು ಫಾರ್ಮಮೈಡ್.

ಆಸ್ತಮಾ ಇರುವವರು ಎಳೆದುಕೊಳ್ಳುವ ಫಾರ್ಮೊಟೆರಾಲ್ ಇನ್‌ಹೇಲರ್ ಗೊತ್ತಿರಬಹುದು. ಒಂದು ಪಫ್‌ನಲ್ಲಿ ಸಾಮಾನ್ಯವಾಗಿ 6 ಮೈಕ್ರೋಗ್ರಾಂ ಔಷಧ. ಅದರ ಅಣುವಿನಲ್ಲಿ ಬೆಂಜೀನ್ ಉಂಗುರಕ್ಕೆ ಅಂಟಿದ ಸಾರಜನಕದ ಮೇಲೆ ಇಂಥದ್ದೇ ಒಂದು ಫಾರ್ಮೈಲ್ ಗುಂಪು ಕೂತಿದೆ. ಅದನ್ನು ತಯಾರಿಸುವ ಹಳೆಯ ಕ್ರಮದಲ್ಲಿ ಮೊದಲು ಹೈಡ್ರೋಜನ್‌ನಿಂದ ನೈಟ್ರೋವನ್ನು ಅಮೈನ್ ಮಾಡಬೇಕು, ಆಮೇಲೆ ಫಾರ್ಮಿಕ್ ಆಸಿಡ್‌ನಿಂದ ಫಾರ್ಮೈಲ್ ಸೇರಿಸಬೇಕು. ಎರಡು ಬೇರೆ ಬೇರೆ ಹೆಜ್ಜೆ.

ನೈಟ್ರೋ ಸಂಯುಕ್ತಗಳಲ್ಲಿ ಈ ಎರಡೂ ಹೆಜ್ಜೆ ಒಂದೇ ಪಾತ್ರೆಯಲ್ಲಿ ಆಗುತ್ತದೆ ಅಂತ ಶಾಂಘೈನ ಫುಡಾನ್ ವಿಶ್ವವಿದ್ಯಾಲಯದವರು 2015ರಲ್ಲಿ ವರದಿ ಮಾಡಿದರು. ಅವರ ವೇಗವರ್ಧಕ ಚಿನ್ನ. ಅದು ಘನರೂಪದಲ್ಲೇ ಇರುವುದರಿಂದ ಕೊನೆಗೆ ಸೋಸಿ ತೆಗೆಯಬಹುದು. ಫಾರ್ಮಿಕ್ ಆಸಿಡ್‌ನ ಪ್ರಮಾಣ ಹೆಚ್ಚು ಕಡಿಮೆ ಮಾಡಿದರೆ ಅಮೈನ್ ಬೇಕಾದರೆ ಅಮೈನ್, ಫಾರ್ಮಮೈಡ್ ಬೇಕಾದರೆ ಫಾರ್ಮಮೈಡ್. ಬೇರೆ ರಾಸಾಯನಿಕ ಸೇರಿಸುವ ಗೋಜೇ ಇಲ್ಲ.

ತೊಡಕೂ ಇದೆ. ಫಾರ್ಮಿಕ್ ಆಸಿಡ್ ಇನ್ನೊಂದು ರೀತಿಯಲ್ಲೂ ಒಡೆಯಬಲ್ಲದು. ಆಗ ಹುಟ್ಟುವುದು ನೀರು ಮತ್ತು ಕಾರ್ಬನ್ ಮಾನಾಕ್ಸೈಡ್. ಈ ಅನಿಲ ಮನುಷ್ಯರಿಗೆ ವಿಷ. ಪಲ್ಲಾಡಿಯಂಗೆ ಅಂಟಿಕೊಂಡು ಅದನ್ನೂ ಕೆಲಸ ಮಾಡದಂತೆ ಮಾಡುತ್ತದೆ. ಹಾಗಾಗಿ ಹೈಡ್ರೋಜನ್ ಕೊಡುವ ದಾರಿಯಲ್ಲೇ ಆಸಿಡ್ ಒಡೆಯುವಂತೆ ನೋಡಿಕೊಳ್ಳುವ ಲೋಹದ ಹುಡುಕಾಟ ನಡೆದೇ ಇದೆ. ಅಗ್ಗದ ಕಬ್ಬಿಣದಲ್ಲೂ ಪ್ರಯತ್ನಗಳು ಫಲ ಕೊಟ್ಟಿವೆ.