ಕ್ರಿಯಾಟಿನ್ ಪುಡಿಯೂ ಕಿಡ್ನಿ ರಿಪೋರ್ಟಿನ ಗಾಬರಿಯೂ

ಭಾರ ಎತ್ತುವಾಗ, ಜೋರಾಗಿ ಓಡುವಾಗ ಮೊದಲ ಎಂಟು ಹತ್ತು ಸೆಕೆಂಡು ಸ್ನಾಯುಗಳು ಹೆಚ್ಚಾಗಿ ನೆಚ್ಚಿಕೊಳ್ಳುವುದು ಕ್ರಿಯಾಟಿನ್‌ನಿಂದಾಗುವ ಫಾಸ್ಫೋಕ್ರಿಯಾಟಿನ್ ದಾಸ್ತಾನನ್ನು. ಸ್ನಾಯುಗಳ ಇಂಧನವಾದ ಎಟಿಪಿ ಖರ್ಚಾದಂತೆ ಅದನ್ನು ತಕ್ಷಣ ತುಂಬಿಕೊಡುವ ಕೆಲಸ ಅದರದು. ಕ್ರಿಯಾಟಿನ್ ಪುಡಿ ಈ ದಾಸ್ತಾನನ್ನು ಹೆಚ್ಚಿಸುತ್ತದೆ. ಎಂಟು ಸಲ ಎತ್ತುವವರಿಗೆ ಒಂಬತ್ತನೆಯದೂ ಸಾಧ್ಯವಾಗಬಹುದು. ಕಸರತ್ತೇ ಮಾಡದವರು ಇದರಿಂದ ಮೈಕಟ್ಟು ನಿರೀಕ್ಷಿಸಬಾರದು.

ದೇಹ ತಾನೇ ದಿನಕ್ಕೆ ಸುಮಾರು 1 ಗ್ರಾಂ ಕ್ರಿಯಾಟಿನ್ ತಯಾರಿಸಿಕೊಳ್ಳುತ್ತದೆ. ಉಳಿದದ್ದು ಮೀನು, ಮಾಂಸದಿಂದ ಬರಬೇಕು. ಮುದ್ದೆ, ಸೊಪ್ಪು, ಕಾಳುಗಳಲ್ಲಿ ಇದು ಇಲ್ಲವೆಂದೇ ಹೇಳಬೇಕು, ಹಾಲಿನಲ್ಲಿ ಅತ್ಯಲ್ಪ. ಹಾಗಾಗಿ ಸಸ್ಯಾಹಾರಿಗಳ ಸ್ನಾಯುಗಳಲ್ಲಿ ದಾಸ್ತಾನು ಕಡಿಮೆ. ಪುಡಿ ತೆಗೆದುಕೊಂಡಾಗ ಏರಿಕೆ ಎದ್ದು ಕಾಣುವುದು ಅವರಲ್ಲೇ.

ದಿನಕ್ಕೆ 3ರಿಂದ 5 ಗ್ರಾಂ ಸಾಕು, ಹೊತ್ತು ಯಾವುದಾದರೂ ಸರಿ. 20 ಗ್ರಾಂ ಅನ್ನು ನಾಲ್ಕು ಪಾಲು ಮಾಡಿ ಐದಾರು ದಿನ ಕುಡಿಯುವ 'ಲೋಡಿಂಗ್'ನಿಂದ ಸ್ನಾಯು ಬೇಗ ತುಂಬುತ್ತದೆ, ಅಷ್ಟೇ. ದಿನಕ್ಕೆ 3 ಗ್ರಾಂನಂತೆ ನಾಲ್ಕು ವಾರ ತೆಗೆದುಕೊಂಡರೂ ಅದೇ ಮಟ್ಟ ಮುಟ್ಟುತ್ತದೆಂದು 1996ರಲ್ಲೇ ತೋರಿಸಲಾಗಿದೆ. ಒಂದೇ ಸಲಕ್ಕೆ 10 ಗ್ರಾಂ ಕುಡಿದರೆ ಹೊಟ್ಟೆ ಕೆಡುವ ಸಂಭವ ಹೆಚ್ಚು. ಒಂದು ಲೀಟರ್ ತಣ್ಣೀರಿನಲ್ಲಿ ಕರಗುವುದೇ 14 ಗ್ರಾಂ ಆಸುಪಾಸು. 5 ಗ್ರಾಂ ಪುಡಿಯನ್ನು ಸಣ್ಣ ಲೋಟಕ್ಕೆ ಹಾಕಿದರೆ ತಳದಲ್ಲಿ ಮರಳಿನಂತೆ ಉಳಿಯುತ್ತದೆ. ಉಗುರುಬೆಚ್ಚಗಿನ ನೀರು ಬಳಸಿ, ಆಗಲೇ ಕುಡಿಯಿರಿ. ಕದಡಿ ದಿನಗಟ್ಟಲೆ ಇಟ್ಟರೆ ನಿಧಾನವಾಗಿ ಕ್ರಿಯಾಟಿನಿನ್ ಎಂಬ ಉಪಯೋಗವಿಲ್ಲದ ವಸ್ತುವಾಗಿ ಬದಲಾಗುತ್ತದೆ. ಮೊದಲ ವಾರಗಳಲ್ಲಿ ಒಂದೆರಡು ಕಿಲೋ ತೂಕ ಏರಬಹುದು. ಅದು ಬಹುಪಾಲು ನೀರು.

ಕೊಳ್ಳುವಾಗ ಸಾದಾ ಕ್ರಿಯಾಟಿನ್ ಮೋನೋಹೈಡ್ರೇಟ್ ಸಾಕು. ಎಚ್‌ಸಿಎಲ್ ಎಂಬ ದುಬಾರಿ ಬಗೆ ಅದಕ್ಕಿಂತ ಮೇಲೆಂದು ಸಾಬೀತಾಗಿಲ್ಲ. ಈಥೈಲ್ ಎಸ್ಟರ್ ಎಂಬ ಬಗೆಯಂತೂ ಅದಕ್ಕಿಂತ ಕೆಳಗೇ. ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇರಲೇಬೇಕು. ಪ್ರಮಾಣ ಬರೆಯದ 'ಬ್ಲೆಂಡ್'ಗಳನ್ನು ಬಿಟ್ಟುಬಿಡಿ.

ಎಲ್ಲರಿಗೂ ಇರುವ ಭಯ ಕಿಡ್ನಿಯದು. ಸ್ನಾಯುಗಳಲ್ಲಿರುವ ಕ್ರಿಯಾಟಿನ್‌ನಲ್ಲಿ ದಿನಕ್ಕೆ ನೂರಕ್ಕೆ ಒಂದೆರಡು ಪಾಲು ಕ್ರಿಯಾಟಿನಿನ್ ಆಗಿ ಮೂತ್ರದಲ್ಲಿ ಹೋಗುತ್ತದೆ. ಪುಡಿ ತೆಗೆದುಕೊಳ್ಳುವವರ ರಕ್ತದಲ್ಲಿ ಇದು ತುಸು ಏರಬಹುದು. ಲ್ಯಾಬ್ ಇದೇ ಅಂಕಿಯಿಂದ ಇಜಿಎಫ್‌ಆರ್, ಅಂದರೆ ಕಿಡ್ನಿ ರಕ್ತವನ್ನು ಶೋಧಿಸುವ ವೇಗದ ಅಂದಾಜು, ಲೆಕ್ಕ ಹಾಕುವುದರಿಂದ, ಶೋಧನೆ ಚೆನ್ನಾಗಿದ್ದರೂ ರಿಪೋರ್ಟಿನಲ್ಲಿ ಕಿಡ್ನಿ ಸೋತಂತೆ ಕಾಣುತ್ತದೆ. ಆರೋಗ್ಯವಂತರಲ್ಲಿ ಈ ಪ್ರಮಾಣದಿಂದ ಕಿಡ್ನಿಗೆ ಹಾನಿಯಾದದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ಹಾಗೆಂದು ಏರಿದ ಅಂಕಿಗೆಲ್ಲ ಪುಡಿಯೇ ಕಾರಣವೆಂದು ಸುಮ್ಮನಿರುವುದೂ ತಪ್ಪು. ಪುಡಿಯ ವಿಷಯ ವೈದ್ಯರಿಗೆ ಮೊದಲೇ ಹೇಳಿ. ಸಂದೇಹವಿದ್ದರೆ ಕಿಡ್ನಿಯ ಶೋಧನೆಯನ್ನು ಬೇರೆ ದಾರಿಯಲ್ಲಿ ಅಂದಾಜಿಸುವ ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆ ಮಾಡಿಸಬಹುದು, ಅದರ ಮೇಲೆ ಕ್ರಿಯಾಟಿನ್ ಪ್ರಭಾವವಿಲ್ಲ. ಈಗಾಗಲೇ ಕಿಡ್ನಿ ಕಾಯಿಲೆ ಇರುವವರು, ಗರ್ಭಿಣಿಯರು ವೈದ್ಯರ ಒಪ್ಪಿಗೆಯಿಲ್ಲದೆ ಇದನ್ನು ಮುಟ್ಟಬಾರದು.