ಕಪಟಿ ಯಾರು, ಕಾಲು ಜಾರಿದವನು ಯಾರು: ಕ್ರೈಸ್ತರೊಳಗಿನ ಹಳೆಯ ಜಗಳದ ಹಿನ್ನೆಲೆ

ಚರ್ಚಿನ ದೊಡ್ಡವರೊಬ್ಬರ ಗುಟ್ಟು ರಟ್ಟಾಯಿತು ಅಂದ್ಕೊಳ್ಳಿ. ಹೊರಗಿನವರು "ಎಲ್ಲ ಕಪಟಿಗಳೇ ಬಿಡಿ" ಅನ್ನುತ್ತಾರೆ. ಒಳಗಿನವರು "ಪಾಪಿ ಅಲ್ಲದವರು ಯಾರಿದ್ದಾರೆ, ಕ್ಷಮಿಸಬೇಕಲ್ವಾ" ಅನ್ನುತ್ತಾರೆ. ತಮಾಷೆ ಏನೆಂದರೆ ಇಬ್ಬರೂ ಬೈಬಲ್ಲಿನ ಮಾತನ್ನೇ ಆಡುತ್ತಿರುತ್ತಾರೆ. ಈ ಜಗಳ ಇವತ್ತಿನದಲ್ಲ. ಒಮ್ಮೆ ಇದರಿಂದಲೇ ಉತ್ತರ ಆಫ್ರಿಕಾದ ಚರ್ಚು ಎರಡು ಹೋಳಾಯಿತು. ಆ ಹೋಳು ಮುನ್ನೂರು ವರ್ಷವಾದರೂ ಪೂರ್ತಿ ಕೂಡಿಕೊಳ್ಳಲಿಲ್ಲ.

ಮೊದಲು ಪದದ ಕಥೆ. ಕನ್ನಡ ಬೈಬಲ್ಲಿನಲ್ಲಿ 'ಕಪಟಿ' ಅಂತ ಓದುವ ಜಾಗದಲ್ಲಿ ಗ್ರೀಕ್ ಮೂಲದಲ್ಲಿರುವುದು 'ಹುಪೊಕ್ರಿತೇಸ್'. ಅಂದರೆ ನಾಟಕದ ನಟ, ಮುಖವಾಡ ಹಾಕಿಕೊಂಡು ಪಾತ್ರ ಮಾಡುವವನು. ಯೇಸು ಬೈದದ್ದು ಇಂಥವರನ್ನು. ಬೀದಿಯ ಮೂಲೆಯಲ್ಲಿ ನಾಲ್ಕು ಜನ ನೋಡಲಿ ಅಂತ ಪ್ರಾರ್ಥಿಸುವವರು. ತುತೂರಿ ಊದಿಸಿ ದಾನ ಮಾಡುವವರು. ಸೊಳ್ಳೆ ಸೋಸಿ ಒಂಟೆ ನುಂಗುವವರು. ಮತ್ತಾಯನ 23ನೇ ಅಧ್ಯಾಯದ ತುಂಬ ಇದೇ ಬೈಗುಳ. ಅದರ ಪೆಟ್ಟು ಬಿದ್ದದ್ದು ಯೆಹೂದ್ಯರೊಳಗಿನ ಫರಿಸಾಯರೆಂಬ ಪಂಗಡದ ಮೇಲೆ. ಹಾಗಂತ ಫರಿಸಾಯರೆಲ್ಲ ಡಾಂಭಿಕರು ಅಂದುಕೊಂಡರೆ ತಪ್ಪು. ಅದು ಶ್ರದ್ಧೆಯ ಜನರ ಗುಂಪೇ ಆಗಿತ್ತು. ತೋರಿಕೆಯ ಫರಿಸಾಯರನ್ನು ಯೆಹೂದ್ಯರ ಧರ್ಮಗ್ರಂಥ ತಾಲ್ಮುದ್ ಕೂಡ ಚೆನ್ನಾಗಿ ಗೇಲಿ ಮಾಡುತ್ತದೆ.

ಇನ್ನೊಂದು ಕಡೆ ಯೇಸುವಿನ ಶಿಷ್ಯ ಪೇತ್ರ. ಗುರುವನ್ನು ಹಿಡಿದ ರಾತ್ರಿ "ಅವನ ಗುರುತೇ ನನಗಿಲ್ಲ" ಅಂತ ಮೂರು ಸಲ ಹೇಳಿದವನು. ಯೇಸುವಿನ ಕಥೆ ಹೇಳುವ ನಾಲ್ಕೂ ಸುವಾರ್ತೆಗಳು ಇದನ್ನು ಮುಚ್ಚದೆ ಬರೆದಿವೆ. ಯೇಸುವಿನ ಬಾಯಲ್ಲಿ ಅವನಿಗೆ 'ಕಪಟಿ' ಅನ್ನುವ ಮಾತು ಬಂದಿಲ್ಲ. ಕಾಯಿಲೆಯ ಹುಡುಗನ ಅಪ್ಪನೊಬ್ಬ "ನಂಬುತ್ತೇನೆ, ನನ್ನ ಅಪನಂಬಿಕೆಗೂ ಸಹಾಯ ಮಾಡು" ಅನ್ನುತ್ತಾನೆ. ಅವನಿಗೂ ಬೈಗುಳವಿಲ್ಲ, ಮಗ ಗುಣವಾಗುತ್ತಾನೆ.

ಪುಸ್ತಕದಲ್ಲಿ ಗೆರೆ ಇಷ್ಟು ಸಲೀಸು. ಸರ್ಕಾರ ಸಹಿ ಕೇಳಿದಾಗ ಎಲ್ಲ ಕಲಸಿಹೋಯಿತು.

ಕ್ರಿ.ಶ. 250ರ ಹೊತ್ತಿಗೆ ರೋಮನ್ ಚಕ್ರವರ್ತಿ ಡೆಸಿಯಸ್, ಜನ ದೇವತೆಗಳಿಗೆ ಬಲಿ ಕೊಟ್ಟು ಅಧಿಕಾರಿಗಳಿಂದ ಪತ್ರ ಬರೆಸಿಕೊಳ್ಳಬೇಕು ಅಂತ ಆಜ್ಞೆ ಮಾಡಿದ. ಈಜಿಪ್ಟಿನ ಮರಳಿನಲ್ಲಿ ಅಂಥ 40ಕ್ಕೂ ಹೆಚ್ಚು ಪತ್ರಗಳು ಸಿಕ್ಕಿವೆ. ಎಲ್ಲದರ ಒಕ್ಕಣೆ ಹೆಚ್ಚೂಕಡಿಮೆ ಒಂದೇ: ನಾನು ಯಾವಾಗಲೂ ದೇವತೆಗಳಿಗೆ ಬಲಿ ಕೊಡುತ್ತ ಬಂದಿದ್ದೇನೆ, ಈಗಲೂ ನಿಮ್ಮ ಕಣ್ಣೆದುರೇ ಕೊಟ್ಟು ಪ್ರಸಾದ ತಿಂದಿದ್ದೇನೆ, ದಯವಿಟ್ಟು ಸಹಿ ಮಾಡಿ. ಮೊಸಳೆ ದೇವರ ಪೂಜಾರಿಣಿಯೊಬ್ಬಳು ಕೂಡ ಪತ್ರ ಮಾಡಿಸಿಕೊಂಡಿದ್ದಾಳೆ. ಆಕೆ ದೇವರಿಗೆ ಬಲಿ ಕೊಡುತ್ತಾಳೋ ಇಲ್ಲವೋ ಅನ್ನುವ ಅನುಮಾನ ಯಾರಿಗಿತ್ತೋ! ಆಫೀಸು ಅಂದ್ರೆ ಆಫೀಸು.

ಕ್ರೈಸ್ತರಲ್ಲಿ ಕೆಲವರು ಜೈಲಿಗೆ ಹೋದರು, ಕೆಲವರು ಸತ್ತರು. ಹೆದರಿ ಬಲಿ ಕೊಟ್ಟವರು ಬಹಳ. ಇನ್ನು ಕೆಲವರು ಬಲಿಯನ್ನೂ ಕೊಡದೆ, ದುಡ್ಡು ಕೊಟ್ಟು ಬರೀ ಪತ್ರ ತಂದುಕೊಂಡರು. ಗಲಾಟೆ ತಣ್ಣಗಾದ ಮೇಲೆ ಇವರೆಲ್ಲ ಚರ್ಚಿನ ಬಾಗಿಲಿಗೆ ಬಂದರು. ಒಳಗೆ ಬಿಡಬೇಕಾ? ಉತ್ತರ ಆಫ್ರಿಕಾದ ಕಾರ್ಥೇಜ್ ನಗರದ ಬಿಷಪ್ ಸಿಪ್ರಿಯನ್ ತೀರ್ಪು ಕೊಡಬೇಕಿತ್ತು. ಅವನೂ ಆ ಗಲಾಟೆಯಲ್ಲಿ ತಲೆಮರೆಸಿಕೊಂಡಿದ್ದವನೇ, ಅದನ್ನು ಆಡಿಕೊಳ್ಳುವವರೂ ಇದ್ದರು. 251ರ ಸಭೆ ಒಂದು ನಡುದಾರಿ ಹುಡುಕಿತು. ಪತ್ರ ಮಾತ್ರ ಕೊಂಡವರನ್ನು ವಿಚಾರಿಸಿ, ಪಶ್ಚಾತ್ತಾಪ ಮಾಡಿಸಿ ಸೇರಿಸಿಕೊಳ್ಳುವುದು, ಬಲಿ ಕೊಟ್ಟವರಿಗೆ ಸಾಯುವ ಹೊತ್ತಿಗೆ ಕ್ಷಮೆ. ಮತ್ತೆ ಹಿಂಸೆ ಬರುವ ಸೂಚನೆ ಕಂಡಾಗ ಅದನ್ನೂ ಸಡಿಲ ಮಾಡಿದರು. ರೋಮಿನಲ್ಲಿ ನೊವೇಷಿಯನ್ ಎಂಬ ಪಾದ್ರಿ ಇದೆಲ್ಲ ಆಗದು ಅಂತ ಬೇರೆ ಚರ್ಚನ್ನೇ ಕಟ್ಟಿದ. ಸಿಪ್ರಿಯನ್ 258ರಲ್ಲಿ ಮತ್ತೆ ಕರೆ ಬಂದಾಗ ಓಡಲಿಲ್ಲ, ಕತ್ತಿಗೆ ಕೊರಳು ಕೊಟ್ಟ. ಮೊದಲ ಸಲ ಓಡಿದ್ದು ಕಪಟವಾಗಿತ್ತಾ? ಎಂಟು ವರ್ಷ ಮೊದಲೇ ತೀರ್ಪು ಬರೆದವರು ಏನು ಹೇಳುತ್ತಿದ್ದರೋ.

ನನಗೆ ಜಾಸ್ತಿ ಕಾಡುವುದು ಇದರ ಮುಂದಿನ ಪ್ರಸಂಗ. ಇಸವಿ 303. ಡಯೋಕ್ಲೀಷಿಯನ್ ಚಕ್ರವರ್ತಿ ಈ ಸಲ ಕೇಳಿದ್ದು ಪುಸ್ತಕ: ಬೈಬಲ್ ಪ್ರತಿಗಳನ್ನು ಒಪ್ಪಿಸಿ, ಸುಡಬೇಕು. ಈಗಿನ ಅಲ್ಜೀರಿಯಾದಲ್ಲಿರುವ ಸಿರ್ತಾ ನಗರದಲ್ಲಿ ಮೇ 19ರಂದು ಚರ್ಚಿನ ಮನೆ ಜಪ್ತಿಯಾಯಿತು. ಗುಮಾಸ್ತ ಬರೆದ ದಾಖಲೆ ಇವತ್ತಿಗೂ ಇದೆ. ಚಿನ್ನದ ಬಟ್ಟಲು ಎರಡು. ಬೆಳ್ಳಿಯ ಬಟ್ಟಲು ಆರು. ಹೆಂಗಸರ ಅಂಗಿ 82, ಗಂಡಸರದು 16. ಹೆಂಗಸರ ಚಪ್ಪಲಿ 47 ಜೊತೆ. ಬೆಳ್ಳಿಯ ಹೂಜಿ, ದೀಪಗಳೂ ಪಟ್ಟಿಯಲ್ಲಿದ್ದವು.

ಪುಸ್ತಕದ ಕೋಣೆಗೆ ಬಂದರೆ ಕಪಾಟು ಖಾಲಿ. ಕಟುಲ್ಲಿನಸ್ ಎಂಬ ಕಿರಿಯ ಸೇವಕ ಒಂದೇ ಒಂದು ದಪ್ಪ ಪುಸ್ತಕ ತಂದುಕೊಟ್ಟ. ಉಳಿದವೆಲ್ಲಿ ಅಂದಾಗ, ಓದುವವರ ಹತ್ತಿರ ಇವೆ ಅಂದ. ಅವರ ಮನೆ ತೋರಿಸು ಅಂದರೆ, ಗೊತ್ತಿಲ್ಲ. ಹೆಸರಾದರೂ ಹೇಳು ಅಂದಾಗ ಅವನೂ ಅವನ ಜೊತೆಗಾರನೂ ಹೇಳಿದ್ದು ಇಷ್ಟು: "ನಾವು ದ್ರೋಹಿಗಳಲ್ಲ. ಇಲ್ಲೇ ಇದ್ದೇವೆ, ಕೊಲ್ಲಿಸಿ." ಇಬ್ಬರನ್ನೂ ಹಿಡಿದರು. ಈ ಮನುಷ್ಯನನ್ನು ಯಾವ ಸಾಲಿಗೆ ಸೇರಿಸುತ್ತೀರಿ? ಪವಿತ್ರ ಪುಸ್ತಕ ಕೊಟ್ಟ, ಸ್ನೇಹಿತರ ಹೆಸರು ಕೊಡಲಿಲ್ಲ. ಆ ಕಾಲದ ಕಟ್ಟುನಿಟ್ಟಿನವರ ಲೆಕ್ಕದಲ್ಲಿ ಅವನು 'ಒಪ್ಪಿಸಿಕೊಟ್ಟವನು'. ನನ್ನ ಲೆಕ್ಕ ಬೇರೆ.

ಅದೇ ದಿನ ಸಿಲ್ವಾನಸ್ ಎಂಬ ಇನ್ನೊಬ್ಬ ಕಿರಿಯ ಸೇವಕ ಒಂದು ಬೆಳ್ಳಿ ಪೆಟ್ಟಿಗೆ, ಒಂದು ಬೆಳ್ಳಿ ದೀಪ ತಂದು ಅಧಿಕಾರಿಗೆ ಕೊಟ್ಟ. ಹಂಡೆಯ ಹಿಂದೆ ಸಿಕ್ಕಿತು ಅಂದ. "ಸಿಗದಿದ್ದರೆ ನಿನ್ನ ಕಥೆ ಮುಗೀತಿತ್ತು" ಅಂತ ಪಕ್ಕದವನೊಬ್ಬ ಅಂದದ್ದೂ ದಾಖಲೆಯಲ್ಲಿದೆ.

ಸುಮಾರು 305ರಲ್ಲಿ ಅದೇ ಸಿರ್ತಾದಲ್ಲಿ ಹೊಸ ಬಿಷಪ್ಪನನ್ನು ಆರಿಸಲು ಸುತ್ತಲಿನ ಬಿಷಪ್ಪರು ಸೇರಿದರು. ಹಿರಿಯ ಬಿಷಪ್ ಸೆಕುಂಡಸ್ ಒಬ್ಬೊಬ್ಬರನ್ನೇ ಕೇಳಿದ: ನೀನು ಪುಸ್ತಕ ಒಪ್ಪಿಸಿದೆಯಂತೆ, ಹೌದಾ? ಒಬ್ಬ, ಕೊಟ್ಟದ್ದು ವೈದ್ಯದ ಪುಸ್ತಕ ಅಂದ. ಇನ್ನೊಬ್ಬ, ಸುವಾರ್ತೆಯನ್ನು ಬೆಂಕಿಗೆ ಹಾಕಿದ್ದು ನಿಜ, ಆದರೆ ಅಕ್ಷರ ಮಾಸಿತ್ತು ಅಂದ. ಮೂರನೆಯವನ ಮೇಲೆ ಕೊಲೆಯ ಆರೋಪವೇ ಇತ್ತು. ಅವನು ತಿರುಗಿಬಿದ್ದು, ನಿನ್ನನ್ನೂ ಹಿಡಿದಿದ್ದರಲ್ಲ, ಸುಮ್ನೆ ಬಿಟ್ಟು ಕಳಿಸಿದರಾ ಅಂತ ಸೆಕುಂಡಸನನ್ನೇ ಕೇಳಿದ. ಕೋಣೆ ಬಿಸಿಯಾಯಿತು. ಕೊನೆಗೆ, ದೇವರಿಗೇ ಬಿಡೋಣ ಅಂತ ವಿಚಾರಣೆ ಮುಗಿಸಿದರು. ಅವರು ಬಿಷಪ್ ಮಾಡಿದ್ದು ಬೆಳ್ಳಿ ದೀಪದ ಸಿಲ್ವಾನಸನನ್ನು.

ದೇವರಿಗೆ ಬಿಟ್ಟದ್ದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ಆದರೆ ಏಳೆಂಟು ವರ್ಷದೊಳಗೆ ಅದೇ ಸೆಕುಂಡಸನ ನೇತೃತ್ವದಲ್ಲಿ 70 ಬಿಷಪ್ಪರು ಕಾರ್ಥೇಜಿನಲ್ಲಿ ಸೇರಿದರು. ಸಿರ್ತಾದ ಆ ಕೋಣೆಯಲ್ಲಿದ್ದ ಕೆಲವರು ಅಲ್ಲೂ ಇದ್ದರು. ಹೊಸ ಬಿಷಪ್ ಕೆಸಿಲಿಯನ್‌ಗೆ ದೀಕ್ಷೆ ಕೊಟ್ಟವನು ಪುಸ್ತಕ ಒಪ್ಪಿಸಿದವನು, ಹಾಗಾಗಿ ದೀಕ್ಷೆ ಅಸಿಂಧು ಅಂತ ಅವರು ತೀರ್ಪು ಕೊಟ್ಟರು. ಈ ಪಂಗಡಕ್ಕೆ ಮುಂದೆ ಡೊನಾಟಸ್ ನಾಯಕನಾದ, 'ಡೊನಾಟಿಸ್ಟರು' ಎಂಬ ಹೆಸರು ಬಂತು. ಕಳಂಕವಿದ್ದವನ ಕೈಯ ಸಂಸ್ಕಾರ ಸಂಸ್ಕಾರವೇ ಅಲ್ಲ ಅಂದರು, ಆಚೆಯಿಂದ ಬಂದವರಿಗೆ ಮತ್ತೆ ದೀಕ್ಷಾಸ್ನಾನ ಮಾಡಿಸಿದರು. 314ರಲ್ಲಿ ಈಗಿನ ಫ್ರಾನ್ಸಿನ ಆರ್ಲ್ಸ್‌ನಲ್ಲಿ ಸೇರಿದ ಬಿಷಪ್ಪರ ಸಭೆ ಅವರ ವಿರುದ್ಧ ಹೇಳಿತು. 320ರಲ್ಲಿ, ಆ ಹೊತ್ತಿಗೆ ಅದೇ ಪಂಗಡದಲ್ಲಿದ್ದ ಸಿಲ್ವಾನಸನ ಮೇಲೆ ಅವನದೇ ಸೇವಕನೊಬ್ಬ ದೂರಿತ್ತ. ನ್ಯಾಯಾಲಯದಲ್ಲಿ 303ರ ಜಪ್ತಿ ದಾಖಲೆಯನ್ನು ಗಟ್ಟಿಯಾಗಿ ಓದಿದರು. ಬೆಳ್ಳಿ ದೀಪ ಮತ್ತೆ ಹೊರಗೆ ಬಂತು.

ಒಂದು ಮಾತು ಹೇಳಲೇಬೇಕು. ಈ ಕಾಗದಗಳನ್ನೆಲ್ಲ ಜೋಪಾನ ಮಾಡಿದ್ದು ಎದುರು ಪಕ್ಷ. 305ರ ಸಭೆಯ ದಾಖಲೆಯನ್ನು ಡೊನಾಟಿಸ್ಟರು ಒಪ್ಪಲೇ ಇಲ್ಲ. ಅವರಲ್ಲಿ ಪ್ರಾಣ ಕೊಟ್ಟವರ ಮನೆಯವರು ಇದ್ದರು, ಅವರ ಸಿಟ್ಟು ನಾಟಕವಾಗಿರಲಿಲ್ಲ.

ಅವರಿಗೆ ಉತ್ತರ ಕೊಟ್ಟವನು ಉತ್ತರ ಆಫ್ರಿಕಾದ ಹಿಪ್ಪೊ ನಗರದ ಬಿಷಪ್ ಅಗಸ್ಟೀನ್. ಅವನ ಕೈಯಲ್ಲಿದ್ದದ್ದು ಯೇಸು ಹೇಳಿದ, ಗೋಧಿ ಮತ್ತು ಹಣಜಿ ಎಂಬ ಕಳೆಯ ಸಾಮ್ಯ. ಹೊಲದಲ್ಲಿ ಎರಡೂ ಒಟ್ಟಿಗೆ ಬೆಳೆಯಲಿ, ಈಗಲೇ ಕೀಳಲು ಹೋದರೆ ಗೋಧಿಯೂ ಬರುತ್ತದೆ. ಸಂಸ್ಕಾರ ಕ್ರಿಸ್ತನದು, ಕೊಡುವವನ ಕೈ ಕೊಳಕಾದರೆ ಅದು ಕೆಡುವುದಿಲ್ಲ. ಮಾತೇನೋ ದೊಡ್ಡದು. ಆದರೆ ಅದೇ ಅಗಸ್ಟೀನ್ ಮುಂದೆ ಡೊನಾಟಿಸ್ಟರನ್ನು ಕಾನೂನಿನ ಬಲದಿಂದ ಕರೆತರುವುದನ್ನೂ ಒಪ್ಪಿದ. 411ರಲ್ಲಿ ಕಾರ್ಥೇಜಿನಲ್ಲಿ ಎರಡೂ ಕಡೆಯ ಬಿಷಪ್ಪರ ನಡುವೆ ನಡೆದ ಚರ್ಚೆಯ ಮರುವರ್ಷ ದಂಡ ವಿಧಿಸುವ ಆಜ್ಞೆ ಬಂತು. ಹಣಜಿ ಬೆಳೆಯಲಿ ಅಂದವರ ಕೈಗೇ ಕುಡುಗೋಲು ಬಂದಿತ್ತು.

ಮುಂದಿನ ಹದಿನೈದು ಶತಮಾನ ಬೇಗ ಹೇಳಬಹುದು. 1215ರಲ್ಲಿ ವರ್ಷಕ್ಕೊಮ್ಮೆ ಪಾಪನಿವೇದನೆ ಕಡ್ಡಾಯವಾಯಿತು. ಕ್ಷಮಾಪತ್ರಗಳ ವ್ಯಾಪಾರ ಬೆಳೆದು 1517ರಲ್ಲಿ ಅದರ ವಿರುದ್ಧ ಜರ್ಮನಿಯ ಸನ್ಯಾಸಿ ಲೂಥರ್ ಎದ್ದ. ನಂಬುವವನು ಒಂದೇ ಹೊತ್ತಿಗೆ ನೀತಿವಂತನೂ ಹೌದು ಪಾಪಿಯೂ ಹೌದು ಅಂದ. ಅಮೆರಿಕದ ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಪ್ರೊಟೆಸ್ಟೆಂಟರು ಚರ್ಚಿನ ಸದಸ್ಯನಾಗಲು ಮನಪರಿವರ್ತನೆಯ ಕಥೆ ಹೇಳಬೇಕು ಅಂದರು, ಮಕ್ಕಳ ಹತ್ತಿರ ಅಂಥ ಕಥೆ ಇಲ್ಲದಾಗ 1662ರಲ್ಲಿ ಅರ್ಧ ಸದಸ್ಯತ್ವ ಕೊಟ್ಟು ಅರ್ಧ ಬಾಗಿಲು ತೆರೆದರು. 1845ರಲ್ಲಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡ್ರಿಕ್ ಡಗ್ಲಾಸ್ ತನ್ನ ಆತ್ಮಕಥೆಯ ಕೊನೆಗೆ ಒಂದು ಅನುಬಂಧ ಸೇರಿಸಿದ. ಕ್ರಿಸ್ತನ ಧರ್ಮ ಬೇರೆ, ಚಾಟಿ ಹಿಡಿದವರ ಧರ್ಮ ಬೇರೆ ಅಂತ ಅದರಲ್ಲಿ ಬಿಡಿಸಿ ಹೇಳಿದ.

ನಂತರ 2002, ಬಾಸ್ಟನ್. ಮಕ್ಕಳಿಗೆ ಕಿರುಕುಳ ಕೊಟ್ಟ ಪಾದ್ರಿಗಳನ್ನು ಒಂದು ಚರ್ಚಿನಿಂದ ಇನ್ನೊಂದಕ್ಕೆ ವರ್ಗ ಮಾಡುತ್ತ ಬಂದದ್ದು ಕಡತಗಳಿಂದ ಗೊತ್ತಾಯಿತು. ಪಾದ್ರಿಯೂ ಮನುಷ್ಯ, ಅವನಿಗೂ ಕ್ಷಮೆಯಿದೆ ಅನ್ನುವ ಮಾತು ಇಲ್ಲಿ ಬೀರುವಿನ ಬೀಗದಂತೆ ಬಳಕೆಯಾಗಿತ್ತು. ಮಾತು ಹಳೆಯದೇ. ಆದರೆ ಪೇತ್ರನ ಕಥೆಯಲ್ಲಿ ಅಳುತ್ತ ಹೊರಗೆ ಹೋದವನು ಪೇತ್ರನೇ. ಇಲ್ಲಿ ಅಳು ಮಕ್ಕಳ ಪಾಲಿಗೆ ಬಂದಿತ್ತು.

ಈ ವಾದದಲ್ಲಿ ಎರಡೂ ಕಡೆಯವರು ಎತ್ತಿಕೊಳ್ಳುವ ಕಥೆ ಲೂಕನ 18ನೇ ಅಧ್ಯಾಯದ್ದು. ಫರಿಸಾಯ ಮುಂದೆ ನಿಂತು ತನ್ನ ಉಪವಾಸದ ಲೆಕ್ಕ ಒಪ್ಪಿಸುತ್ತಾನೆ. ಸುಂಕದವನು ದೂರದಲ್ಲಿ ನಿಂತು "ದೇವರೇ, ಪಾಪಿಯಾದ ನನ್ನನ್ನು ಕರುಣಿಸು" ಅನ್ನುತ್ತಾನೆ. ಅವನ ಮೇಲೆ ಆಗ ಯಾರೂ ದೂರು ಕೊಟ್ಟಿರಲಿಲ್ಲ, ಯಾವ ಕಡತವೂ ಹೊರಬಿದ್ದಿರಲಿಲ್ಲ. ಪುಟ ತಿರುಗಿಸಿದರೆ 19ನೇ ಅಧ್ಯಾಯದಲ್ಲಿ ಇನ್ನೊಬ್ಬ ಸುಂಕದವನು ಸಿಗುತ್ತಾನೆ, ಜಕ್ಕಾಯ. ಅವನು ಪಾಪಿ ಅನ್ನುವ ಪದವನ್ನು ಬಾಯಿಗೇ ತರುವುದಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ಕಿತ್ತುಕೊಂಡದ್ದಿದ್ದರೆ ಒಂದಕ್ಕೆ ನಾಲ್ಕರಷ್ಟು ವಾಪಸ್, ಅಂತ ನಿಂತ ಜಾಗದಲ್ಲೇ ಲೆಕ್ಕ ಹೇಳುತ್ತಾನೆ.